ನಳಿಗೆಯೊಳಗಿನ ಬೂದು ಗೆರೆ

ಪ್ರಶ್ನೆ: ಅಪ್ಪನಿಂದ ಬಂದ 12 ಬೋರಿನ ಜೋಡುನಳಿಗೆ ಕೋವಿ ನನ್ನ ಹತ್ತಿರ ಇದೆ. ಹೊಡೆದಾಗಲೆಲ್ಲ ಬ್ರಷ್ ಹಾಕಿ ಚೆನ್ನಾಗಿ ಉಜ್ಜುತ್ತೇನೆ. ಆದರೂ ಬೆಳಕಿಗೆ ಹಿಡಿದರೆ ಒಳಗೆ ಬೂದು ಬಣ್ಣದ ಉದ್ದ ಗೆರೆಗಳು ಕಾಣುತ್ತವೆ. ನಳಿಗೆ ಹಾಳಾಯಿತಾ?

ಉತ್ತರ: ಹಾಳಾಗಿರೋ ಸಾಧ್ಯತೆ ಕಡಿಮೆ. ನೀವು ಒಣ ಬ್ರಷ್ ಹಾಕುತ್ತಿದ್ದೀರಿ ಅನ್ನಿಸುತ್ತದೆ. ಈಗಿನ ತೋಟಾಗಳಲ್ಲಿ ಗುಂಡುಗಳು ಪ್ಲಾಸ್ಟಿಕ್ ಬಟ್ಟಲಲ್ಲಿ ಕೂತಿರುತ್ತವೆ. ಹೊಡೆದಾಗ ಆ ಪ್ಲಾಸ್ಟಿಕ್ ಬಿಸಿಗೆ ಸವೆದು ನಳಿಗೆಗೆ ಮೆತ್ತಿಕೊಳ್ಳುತ್ತದೆ. ತೋಟಾ ಕೂರುವ ಜಾಗ ಮುಗಿದು ನಳಿಗೆ ಕಿರಿದಾಗುವಲ್ಲಿ ಜಾಸ್ತಿ, ತುದಿಯ ಚೋಕ್ (ನಳಿಗೆಯ ಬಾಯಿ ಕಿರಿದಾಗುವ ಭಾಗ) ಹತ್ತಿರ ಇನ್ನೊಂದಿಷ್ಟು. ಒಣಗಿದ್ದಾಗ ಉಜ್ಜಿದರೆ ಅದು ಬಿಟ್ಟುಬರೋದಿಲ್ಲ, ಸುಮ್ನೆ ನುಣುಪಾಗುತ್ತದೆ ಅಷ್ಟೆ.

ಮೊದಲು ಕೋವಿ ಮಡಚಿ ಎರಡೂ ನಳಿಗೆ ಖಾಲಿ ಇದೆಯಾ ಅಂತ ಕಣ್ಣಿಂದ ನೋಡಿ, ಬೆರಳು ಹಾಕಿಯೂ ನೋಡಿ. ತೋಟಾಗಳು ಆ ಕೋಣೆಯಲ್ಲೇ ಇರಬಾರದು. ಆಮೇಲೆ ಮುಂದಿನ ಮರದ ಹಿಡಿ ಬಿಚ್ಚಿ ನಳಿಗೆಯನ್ನು ಬೇರೆ ಮಾಡಿಕೊಳ್ಳಿ. ಕೈಗೆ ಗ್ಲೌಸ್ ಇರಲಿ, ಕಿಟಕಿ ತೆಗೆದಿರಲಿ. ಸೀಸದ ಕಸ ಇದು, ಊಟದ ಮೇಜಿನ ಮೇಲೆ ಮಾತ್ರ ಬೇಡ.

ಬಟ್ಟೆ ತುಂಡಿಗೆ ಕೋವಿ ತೊಳೆಯುವ ಸಾಲ್ವೆಂಟ್ ಹಾಕಿ, ರಾಡಿನಿಂದ ಹಿಂದಿನ ಕಡೆಯಿಂದ ತಳ್ಳಿ, ಒಳಗೆಲ್ಲ ಒದ್ದೆಯಾದ ಮೇಲೆ 10-15 ನಿಮಿಷ ಹಾಗೇ ಬಿಟ್ಟುಬಿಡಿ. ಅರ್ಧ ಕೆಲಸ ಆ ಹೊತ್ತಿನಲ್ಲೇ ಆಗುತ್ತದೆ, ಬಹಳ ಜನ ತಡೆಯೋದೇ ಇಲ್ಲ. ನಂತರ 12 ಬೋರಿನದೇ ಕಂಚಿನ ಬ್ರಷ್ ಹಾಕಿ. ಬ್ರಷ್ ತುದಿಯಾಚೆ ಪೂರ್ತಿ ಬಂದ ಮೇಲೇ ಹಿಂದಕ್ಕೆ ಎಳೆಯಿರಿ, ನಡುವೆಯೇ ದಿಕ್ಕು ಬದಲಿಸಿದರೆ ಕೂದಲು ಮಡಚಿಕೊಂಡು ಸಿಕ್ಕಿಬೀಳುತ್ತದೆ. ಬಟ್ಟೆಯಲ್ಲಿ ಕಪ್ಪು ಪೊರೆಯಂಥ ತೆಳು ಚೂರುಗಳು ಬಂದರೆ ಅದೇ ಪ್ಲಾಸ್ಟಿಕ್. ಬಟ್ಟೆ ಬಿಳಿಯಾಗಿ ಬರುವವರೆಗೆ ಒರೆಸಿ.

ಇಷ್ಟಾದ ಮೇಲೂ ಅದೇ ಜಾಗದಲ್ಲಿ ಸೂಜಿ ಚುಚ್ಚಿದಂಥ ಕಪ್ಪು ಚುಕ್ಕೆಗಳು ಉಳಿದರೆ ಅದು ತುಕ್ಕು ತಿಂದ ಗುಳಿ. ಉಪ್ಪುಕಾಗದ ಹಾಕಿ ತಿಕ್ಕೋಕೆ ಹೋಗಬೇಡಿ, ಕೋವಿ ರಿಪೇರಿಯವರಿಗೆ ತೋರಿಸಿ. ಅಪ್ಪನ ಕಾಲದ್ದು ಅಂದಿರಿ ಅಲ್ವಾ, ನಳಿಗೆಯ ಹೊರಮೈಯಲ್ಲಿ ಸುರುಳಿ ಸುರುಳಿ ವಿನ್ಯಾಸ ಇದ್ದರೆ ಅದು ಡಮಾಸ್ಕಸ್ ನಳಿಗೆ, ಅಂದರೆ ಕಬ್ಬಿಣ-ಉಕ್ಕಿನ ಪಟ್ಟಿ ಸುತ್ತಿ ಬೆಸೆದು ಮಾಡಿದ ಹಳೇ ಕಾಲದ ನಳಿಗೆ ಇರಬಹುದು. ಹಾಗಿದ್ದರೆ ಅವರು ನೋಡುವವರೆಗೆ ಹೊಡೆಯಲೇಬೇಡಿ.

ಪ್ರಶ್ನೆ: ಎಣ್ಣೆ ಎಷ್ಟು ಹಾಕಬೇಕು? ಅಡುಗೆ ಎಣ್ಣೆ ನಡೆಯುತ್ತಾ?

ಉತ್ತರ: ಬೇಡ. ಅಡುಗೆ ಎಣ್ಣೆ ದಿನ ಕಳೆದಂತೆ ಅಂಟಾಗುತ್ತದೆ. ಕೋವಿ ಎಣ್ಣೆಯನ್ನೇ ಬಟ್ಟೆಗೆ ಹಾಕಿ ಒಂದು ಸಲ ಎಳೆದರೆ ಸಾಕು, ತೊಟ್ಟಿಕ್ಕುವಷ್ಟು ಬೇಡ. ಜಾಸ್ತಿಯಾದ ಎಣ್ಣೆ ಕೋವಿ ನಿಲ್ಲಿಸಿಟ್ಟಾಗ ಕೆಳಗಿಳಿದು ಹಿಂದಿನ ಮರದೊಳಗೆ ಸೇರಿ ಮರವನ್ನು ಮೆತ್ತಗೆ ಮಾಡುತ್ತದೆ. ಹೊರಗೆ ಕೈಬೆವರು ತಾಗಿದ ಕಡೆಯೆಲ್ಲ ಒರೆಸಿ, ತುಕ್ಕು ಶುರುವಾಗೋದೇ ಅಲ್ಲಿಂದ. ತುಕ್ಕಿಗೆ ವಿನೆಗರ್ ಹಾಕಿದರೆ ನಳಿಗೆಯ ಕರಿನೀಲಿ ಬಣ್ಣವೂ ಎದ್ದುಹೋಗುತ್ತದೆ. ಕೋವಿಯನ್ನು ಬಟ್ಟೆ ಚೀಲದಲ್ಲಿ ತಿಂಗಳುಗಟ್ಟಲೆ ಇಡಬೇಡಿ, ಚೀಲ ತೇವ ಹಿಡಿಯುತ್ತದೆ.

ಪ್ರಶ್ನೆ: ನನ್ನದು ಬಿಚ್ಚುವ ಚೋಕ್. ಅದನ್ನೂ ಪ್ರತಿ ಸಲ ತೆಗೆಯಬೇಕಾ?

ಉತ್ತರ: ತೆಗೆಯಿರಿ. ಚೋಕಿನ ಮರೆಗಳ (ತಿರುಪಿನ ಸುತ್ತುಗೆರೆಗಳ) ನಡುವೆ ಮಸಿ ಕೂತು ತುಕ್ಕು ಹಿಡಿದರೆ ಆಮೇಲೆ ಯಾವ ಕೀಲಿಗೂ ಅಲ್ಲಾಡೋದಿಲ್ಲ. ಮರೆಗಳನ್ನು ಒರೆಸಿ, ತೆಳುವಾಗಿ ಗ್ರೀಸ್ ಸವರಿ ಮತ್ತೆ ಬಿಗಿಯಾಗಿ ತಿರುಗಿಸಿ. ಚೋಕ್ ಇಲ್ಲದೆ ಹೊಡೆದರೆ ನಳಿಗೆಯ ಮರೆಗಳು ಕೆಡುತ್ತವೆ. ಹೊಡೆಯೋಕೆ ಮುಂಚೆ ಒಣ ಬಟ್ಟೆಯಿಂದ ಎಣ್ಣೆ ಒರೆಸಿ, ಕೋವಿ ಖಾಲಿ ಇರುವಾಗಲೇ ಹಿಂದಿನಿಂದ ನಳಿಗೆಯಲ್ಲಿ ಇಣುಕಿ ನೋಡಿ. ಮರೆತುಹೋದ ಒಂದು ಬಟ್ಟೆ ಚೂರು ಸಿಕ್ಕಿಕೊಂಡಿದ್ದರೂ ನಳಿಗೆ ಉಬ್ಬಬಹುದು, ಸಿಡಿಯಲೂಬಹುದು.