ಗುಬ್ಬಚ್ಚಿಗೆ ಹೇಗೆ ಗೊತ್ತಾಗಬೇಕು?

(ಹೆಸರು, ಊರು, ಗುರುತು ಸಿಗುವಂಥ ವಿವರ ಎಲ್ಲ ಬದಲಿಸಿದ್ದೇನೆ. ಮನೆಯವರ ಒಪ್ಪಿಗೆ ಪಡೆದೇ ಬರೆದಿದ್ದೇನೆ.)

ಹುಡುಗನನ್ನು ಚಿನ್ನು ಅನ್ನೋಣ. ನಾಲ್ಕೂವರೆ ವರ್ಷ, ಎಲ್‌ಕೆಜಿ. ಶಾಲೆಯಲ್ಲಿ ಪಕ್ಕದ ಮಕ್ಕಳನ್ನು ತಳ್ಳುತ್ತಾನೆ, ಮನೆಯಲ್ಲಿ ಪಾಪು ಮಲಗಿದ ತಕ್ಷಣ ಕಿರುಚುತ್ತಾನೆ ಅನ್ನೋ ದೂರಿನ ಜೊತೆ, ಸಲಹೆ ಕೇಳೋಕೆ ಮನೆಯವರು ಅವನನ್ನು ನನ್ನ ಹತ್ತಿರ ಕರೆತಂದಿದ್ದರು. ಪಾಪು ಅಂದರೆ ಐದು ತಿಂಗಳ ತಂಗಿ. "ಮೊದ್ಲು ಹೀಗಿರ್ಲಿಲ್ಲ ಮೇಡಂ, ಯಾರ ತಂಟೆಗೂ ಹೋಗ್ತಿರ್ಲಿಲ್ಲ" ಅಂದರು ಅಮ್ಮ. ಅರ್ಧ ಕಾರಣ ಅಲ್ಲೇ ಸಿಕ್ಕಿತು, ಅಲ್ವಾ? ಆದರೆ ದೊಡ್ಡವರಿಗೆ ಕಾರಣ ಗೊತ್ತಾದ ಮಾತ್ರಕ್ಕೆ ಮಗು ತಳ್ಳೋದನ್ನು ಬಿಡುವುದಿಲ್ಲ.

ಮಾತು, ನಿದ್ದೆ, ಊಟ ಎಲ್ಲ ವಿಚಾರಿಸಿದೆ. ಕಿವಿ ಚೆನ್ನಾಗಿ ಕೇಳುತ್ತಾ ಅಂತಲೂ ನೋಡಿಸಿದೆವು. ತೊಂದರೆ ಏನೂ ಇರಲಿಲ್ಲ.

ಮನೆಯಲ್ಲಿ ಅಜ್ಜಿ ದಿನಾ ರಾತ್ರಿ ಕಥೆ ಹೇಳುತ್ತಾರೆ ಅಂತ ಕೇಳಿ ಖುಷಿಯಾಯಿತು. ಯಾವ ಕಥೆ ಅಂದೆ. ತಂಗಿಗೆ ಹೊಡೆದ ಹುಡುಗನನ್ನು ಗುಮ್ಮ ಎತ್ತಿಕೊಂಡು ಹೋದದ್ದು, ಗಲಾಟೆ ಮಾಡಿದ ಹುಡುಗನನ್ನು ಹಾಸ್ಟೆಲ್‌ಗೆ ಹಾಕಿದ್ದು, ಹೀಗೆ. ಎಲ್ಲ ಕಥೆಯಲ್ಲೂ ತಪ್ಪು ಮಾಡೋನು ಒಬ್ಬನೇ, ಅವನಿಗೂ ನಾಲ್ಕೂವರೆ ವರ್ಷ! ಚಿನ್ನು ಈಗೀಗ ಕಥೆ ಶುರುವಾದರೆ ಕಿವಿ ಮುಚ್ಚಿಕೊಳ್ಳುತ್ತಾನಂತೆ. ನಾನಾಗಿದ್ದರೂ ಮುಚ್ಚಿಕೊಳ್ಳುತ್ತಿದ್ದೆ.

ಅಜ್ಜಿಯನ್ನೂ ಕೂರಿಸಿಕೊಂಡು ನಾನು ಕಾಗೆ ಗುಬ್ಬಚ್ಚಿ ಕಥೆ ಹೇಳಿದೆ. ಎಲ್ಲರಿಗೂ ಗೊತ್ತಿರೋದೇ. ಕಾಗೆಯದು ಸಗಣಿ ಮನೆ, ಗುಬ್ಬಚ್ಚಿಯದು ಕಲ್ಲಿನ ಮನೆ. ಜೋರು ಮಳೆ ಬಂತು, ಕಾಗೆ ಮನೆ ಕರಗಿ ಹೋಯಿತು. ಕಾಗೆ ನೆನೆದುಕೊಂಡು ಬಂದು "ಗುಬ್ಬಕ್ಕ ಗುಬ್ಬಕ್ಕ, ಬಾಗಿಲು ತೆಗಿ" ಅಂತು. "ಇರು, ಮಗುಗೆ ಸ್ನಾನ ಮಾಡಿಸ್ತಿದೀನಿ" ಅಂತು ಗುಬ್ಬಿ. ಮತ್ತೆ ಕರೆದರೆ "ಇರು, ಮಗುಗೆ ಹಾಲು ಕುಡಿಸ್ತಿದೀನಿ". ಇನ್ನೊಂದು ಸಲ ಕರೆದರೆ "ಇರು, ಮಗು ಮಲಗಿಸ್ತಿದೀನಿ". ಚಿನ್ನು ಆಡೋದನ್ನು ಬಿಟ್ಟು ಹತ್ತಿರ ಬಂದು ಕೂತ. ಈ ಮಾತು ಅವನಿಗೆ ಹೊಸದೇನಲ್ಲವಲ್ಲ.

ಅಲ್ಲಿಗೆ ನಿಲ್ಲಿಸಿ ಕೇಳಿದೆ: "ಕಾಗೆ ಮನೆ ಕರಗಿ ಹೋಗಿದೆ ಅಂತ ಗುಬ್ಬಚ್ಚಿಗೆ ಗೊತ್ತಾ?"

"ಹೂಂ, ಗೊತ್ತು."

"ಹೇಗೆ ಗೊತ್ತು? ಬಾಗಿಲು ಹಾಕಿದೆ."

"ನಂಗೆ ಗೊತ್ತಲ್ಲ!"

ಇದು ದಡ್ಡತನ ಅಲ್ಲ, ಆ ವಯಸ್ಸೇ ಹಾಗೆ. 1983ರಲ್ಲಿ ಹೈಂಜ್ ವಿಮ್ಮರ್ ಮತ್ತು ಜೋಸೆಫ್ ಪರ್ನರ್ ಅನ್ನೋ ಮನಶ್ಶಾಸ್ತ್ರಜ್ಞರು ಮಕ್ಕಳಿಗೆ ಒಂದು ಪುಟ್ಟ ಕಥೆ ಹೇಳಿ ಪರೀಕ್ಷೆ ಮಾಡಿದ್ದರು. ಹುಡುಗ ಚಾಕೊಲೇಟ್ ಒಂದು ಕಡೆ ಇಟ್ಟು ಆಡೋಕೆ ಹೋಗುತ್ತಾನೆ, ಅಮ್ಮ ಅದನ್ನು ಬೇರೆ ಕಡೆ ಇಡುತ್ತಾಳೆ, ಹುಡುಗ ವಾಪಸ್ ಬಂದು ಎಲ್ಲಿ ಹುಡುಕುತ್ತಾನೆ? ಮೂರು ವರ್ಷದ ಮಕ್ಕಳು ಸಾಮಾನ್ಯವಾಗಿ ಈಗ ಚಾಕೊಲೇಟ್ ಇರೋ ಜಾಗವನ್ನೇ ತೋರಿಸುತ್ತಾರೆ. ತನಗೆ ಗೊತ್ತಿರೋದು ಎಲ್ಲರಿಗೂ ಗೊತ್ತು ಅನ್ನೋ ಲೆಕ್ಕ. ನಾಲ್ಕೈದು ವರ್ಷಕ್ಕೆ ಇದು ನಿಧಾನಕ್ಕೆ ತಿಳಿಯಾಗುತ್ತೆ, ಎಲ್ಲರಿಗೂ ಒಂದೇ ದಿನ ಅಲ್ಲ.

ಈಗ ಚಿನ್ನು ಕಡೆಯಿಂದ ಯೋಚಿಸಿ. ತನಗೆ ಬೇಜಾರಾಗಿದೆ ಅಂತ ಅಮ್ಮನಿಗೆ ಗೊತ್ತು, ಗೊತ್ತಿದ್ದೂ ಬಾಗಿಲು ತೆಗೀತಿಲ್ಲ ಅಂತ ಅವನು ಅಂದುಕೊಂಡಿದ್ದರೆ ಕಿರುಚದೆ ಇನ್ನೇನು ಮಾಡುತ್ತಾನೆ? ಹಂಚಿಕೋ, ಹೊಂದಿಕೋ ಅಂತ ಉಪದೇಶ ಮಾಡೋದಕ್ಕಿಂತ, ಒಳಗಿರೋದನ್ನು ಬಾಯಲ್ಲಿ ಹೇಳಿದರೆ ಮಾತ್ರ ಬೇರೆಯವರಿಗೆ ತಿಳಿಯುತ್ತೆ ಅನ್ನೋದನ್ನು ಅವನಿಗೆ ಕಲಿಸಬೇಕಿತ್ತು.

ಮನೆಯವರಿಗೆ ಕೊಟ್ಟ ಸಲಹೆ ಇಷ್ಟು. ತಳ್ಳಿದ ಕೂಡಲೇ ಕಥೆ ಬೇಡ. ಆಗ ಕೈ ಹಿಡಿದು "ತಳ್ಳೋ ಹಾಗಿಲ್ಲ" ಅಂತ ಒಂದೇ ಮಾತು, ಅಷ್ಟೇ ಸಾಕು. ಕಥೆ ಏನಿದ್ದರೂ ಹೊಟ್ಟೆ ತುಂಬಿ ಎಲ್ಲ ತಣ್ಣಗಿರುವಾಗ. ಅದೇ ಕಥೆಯನ್ನೇ ಮತ್ತೆ ಮತ್ತೆ ಕೇಳಿದರೆ ಹೇಳಿ, ನಿಮಗೆ ಬೇಜಾರಾದರೂ ಅವನಿಗೆ ಆಗಲ್ಲ. ಒಂದು ಸಲಕ್ಕೆ ಒಂದೇ ಪ್ರಶ್ನೆ. ಇವತ್ತು "ಕಾಗೆಗೆ ಈಗ ಏನನ್ನಿಸ್ತಿದೆ?", ನಾಳೆ "ಗುಬ್ಬಚ್ಚಿಗೆ ಯಾಕೆ ಬರೋಕಾಗ್ತಿಲ್ಲ?" ಉತ್ತರ ತಪ್ಪು ಅನ್ನಬೇಡಿ. ಚಿನ್ನುಗೆ 'ಕೋಪ' ಒಂದೇ ಗೊತ್ತಿತ್ತು, ಅದಕ್ಕೆ ಕಥೆಯ ನಡುವೆಯೇ ಬೇಜಾರು, ಹೆದರಿಕೆ, ಹೊಟ್ಟೆಕಿಚ್ಚು ಅಂತ ಹೆಸರು ಸೇರಿಸಲು ಹೇಳಿದೆ. ಒಂದು ದಿನ ಅವನು ಕಾಗೆ, ಅಜ್ಜಿ ಗುಬ್ಬಿ. ಮಾರನೇ ದಿನ ಅದಲುಬದಲು. ಕೊನೆಗೆ "ಇದರಿಂದ ಏನು ಕಲಿತೆ?" ಅಂತ ಮಾತ್ರ ಕೇಳಲೇಬೇಡಿ! ಮತ್ತೆ ಕಿವಿ ಮುಚ್ಚಿಕೊಳ್ಳುತ್ತಾನೆ.

ಅಜ್ಜಿ ಸುಲಭಕ್ಕೆ ಒಪ್ಪಲಿಲ್ಲ. "ನೀತಿ ಇಲ್ದೆ ಎಂಥಾ ಕಥೆ ಮೇಡಂ? ಭಯ ಇದ್ರೆ ತಾನೆ ಮಾತು ಕೇಳೋದು?" ಅಂದರು. ಗುಮ್ಮನ ಭಯಕ್ಕೆ ಮಗು ಸುಮ್ನಾಗಬಹುದು ಅಜ್ಜಿ, ಆದರೆ ಬೇಜಾರನ್ನು ನಿಮ್ಮ ಹತ್ತಿರ ಹೇಳಿಕೊಳ್ಳೋದನ್ನು ಕಲಿಯಲ್ಲ ಅಂದೆ. ಪೂರ್ತಿ ಒಪ್ಪಿದರು ಅಂತ ಅನಿಸಲಿಲ್ಲ. ಆದರೂ ಗುಬ್ಬಿ ದನಿ ಅವರು ತೆಗೆದಷ್ಟು ಚೆನ್ನಾಗಿ ನನಗೂ ಬರಲ್ಲ.

ಅಮ್ಮನಿಗೆ ಬೇರೆ ಕೆಲಸ. ಪಾಪುವನ್ನು ಅಪ್ಪನ ಕೈಗೆ ಕೊಟ್ಟು ದಿನಾ ಹತ್ತು ನಿಮಿಷ ಚಿನ್ನು ಜೊತೆ ಮಾತ್ರ ಇರಬೇಕು, ಫೋನ್ ಇಲ್ಲದೆ. ಬಾಗಿಲು ಯಾವತ್ತೂ ತೆಗೆಯದೇ ಹೋದರೆ ಬಾಯಲ್ಲಿ ಹೇಳಿ ಏನು ಪ್ರಯೋಜನ? ಕಥೆ ಒಂದೇ ಈ ಕೆಲಸ ಮಾಡಲ್ಲ.

ಕೆಲವು ವಾರ ಕಳೆದ ಮೇಲೆ ಅಮ್ಮ ಫೋನ್ ಮಾಡಿದರು. ಪಾಪುಗೆ ಹಾಲು ಕುಡಿಸುವಾಗ ಚಿನ್ನು ಬಂದು "ಅಮ್ಮಾ, ಕಾಗೆ ನೆನೀತಿದೆ" ಅಂದನಂತೆ. ಕಿರುಚಲಿಲ್ಲ. "ಐದು ನಿಮಿಷ ಇರು ಕಂದ, ಬಂದೆ" ಅಂದು ಹೇಳಿದ ಹಾಗೆ ಬಂದರಂತೆ. ಶಾಲೆಯಲ್ಲಿ ತಳ್ಳೋದು ಕಡಿಮೆಯಾಗಿದೆ, ನಿಂತಿಲ್ಲ. ಮಿಸ್ ಹೇಳೋ ಪ್ರಕಾರ ಊಟದ ಬೆಲ್‌ಗೆ ಮುಂಚೆ ಈಗಲೂ ಜಾಸ್ತಿ. ಹಾಗಾಗಿ ಆ ಹೊತ್ತಿಗೆ ಏನಾದರೂ ತಿನ್ನೋಕೆ ಕೊಡಿ ಅಂದಿದ್ದೇನೆ.

ಇಂಥದ್ದೇ ತೊಂದರೆ ನಿಮ್ಮ ಮನೆಯಲ್ಲೂ ಇದ್ದು, ಜೊತೆಗೆ ಮಗು ಕರೆದರೆ ತಿರುಗಿ ನೋಡದಿದ್ದರೆ, ಮಾತು ತಡವಾಗಿದ್ದರೆ, ಬಂದ ಮಾತೂ ನಿಂತಿದ್ದರೆ, ಕಥೆ ಹೇಳಿಕೊಂಡು ಕಾಯಬೇಡಿ. ಮೊದಲು ಮಕ್ಕಳ ಡಾಕ್ಟರಿಗೆ ತೋರಿಸಿ. ಬಾಣಂತನದ ನಂತರ ಅಮ್ಮನಿಗೇ ಮನಸ್ಸು ಕುಗ್ಗಿದ್ದರೆ 14416ಕ್ಕೆ ಫೋನ್ ಮಾಡಬಹುದು. ಇದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.