ಜಪಸರದ ಡಬ್ಬಿಯಲ್ಲಿ ಗುಳಿಗೆ

ಪ್ರಿಯ ಸಹೋದರಿ,

ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕುವುದಿಲ್ಲ. ಖಿನ್ನತೆಗೆ ಒಂದು ವರ್ಷದಿಂದ ಗುಳಿಗೆ ನುಂಗುತ್ತಿದ್ದೀರಿ. ಅತ್ತೆಯವರ ಕಣ್ಣಿಗೆ ಬೀಳದಿರಲೆಂದು ಅದನ್ನು ಜಪಸರದ ಡಬ್ಬಿಯಲ್ಲಿ ಬಚ್ಚಿಡುತ್ತೀರಿ. ಭಾನುವಾರ ಹಾಸಿಗೆ ಬಿಟ್ಟು ಏಳಲಾಗದೆ ಚರ್ಚಿನ ಬಲಿಪೂಜೆ ತಪ್ಪಿದಾಗಲೆಲ್ಲ ಪಾಪನಿವೇದನೆಯಲ್ಲಿ ಅದನ್ನೇ ಹೇಳಿ ಹೇಳಿ, ಈಗ ಅಲ್ಲಿಗೆ ಹೋಗಲೂ ನಾಚಿಕೆ. ಪ್ರಾರ್ಥನಾಕೂಟದ ಹಿರಿಯರೊಬ್ಬರು, "ಗುಳಿಗೆ ಬಿಟ್ಟು ಒಂಬತ್ತು ದಿನದ ನೊವೆನಾ ಪ್ರಾರ್ಥನೆ ಮಾಡು, ವಿಶ್ವಾಸವಿದ್ದರೆ ಗುಣವಾಗುತ್ತದೆ" ಎಂದರಂತೆ. ನನ್ನ ವಿಶ್ವಾಸವೇ ಕಡಿಮೆಯೇ ಎಂದು ಕೇಳಿದ್ದೀರಿ.

ಮೊದಲು ಗುಳಿಗೆಯ ಮಾತು. ಬಿಡಬೇಡಿ. ಥಟ್ಟನೆ ನಿಲ್ಲಿಸಿದರೆ ತಲೆಸುತ್ತು, ನಿದ್ದೆಗೇಡು ಕಾಣಿಸಿಕೊಳ್ಳಬಹುದು, ಕಾಯಿಲೆಯೂ ಮರುಕಳಿಸಬಹುದು. ಕಡಿಮೆ ಮಾಡುವುದಿದ್ದರೆ ಬರೆದುಕೊಟ್ಟ ವೈದ್ಯರೇ ಹಂತಹಂತವಾಗಿ ಮಾಡಲಿ. ನೊವೆನಾ ಬೇಡವೆಂದವರು ಯಾರು? ಗುಳಿಗೆ ನುಂಗಿಯೇ ಮಾಡಿ. ಆ ಹಿರಿಯರು ಬೈಬಲಿನ ಸಿರಾಖನ ಗ್ರಂಥದ 38ನೆಯ ಅಧ್ಯಾಯ ತೆರೆದು ನೋಡಲಿ: ಮದ್ದನ್ನು ಭೂಮಿಯಿಂದ ಹುಟ್ಟಿಸಿದವನು ದೇವರು, ಜಾಣನಾದವನು ಅದನ್ನು ತಿರಸ್ಕರಿಸುವುದಿಲ್ಲ ಎಂದಿದೆ. ಪ್ರೊಟೆಸ್ಟೆಂಟರ ಬೈಬಲಿನಲ್ಲಿ ಈ ಗ್ರಂಥವಿಲ್ಲ. ನಮ್ಮ ಕಥೋಲಿಕ ಬೈಬಲಿನಲ್ಲಿದೆ, ನಾವು ಓದುವುದಿಲ್ಲ.

ಭಾನುವಾರದ್ದು ಪಾಪದ ಲೆಕ್ಕಕ್ಕೇ ಬರುವುದಿಲ್ಲ. ಧರ್ಮಸಭೆಯ ಬೋಧನೆಗಳ ಗ್ರಂಥವಾದ ಕ್ಯಾಟೆಕಿಸಮ್‌ನ 2181ನೆಯ ಕಂಡಿಕೆ ಗಂಭೀರ ಕಾರಣವಿದ್ದವರಿಗೆ ವಿನಾಯಿತಿ ಕೊಡುತ್ತದೆ. ಅಲ್ಲಿರುವ ಮೊದಲ ಉದಾಹರಣೆಯೇ ಕಾಯಿಲೆ. ಟೈಫಾಯ್ಡ್ ಬಂದು ಮಲಗಿದ್ದರೆ ಗುರುಗಳ ಮುಂದೆ ಮೊಣಕಾಲೂರಿ ಅದನ್ನು ಒಪ್ಪಿಸುತ್ತಿದ್ದಿರಾ?

ಬಚ್ಚಿಡುವ ಸಂಕಟ ನನಗೆ ಅರ್ಥವಾಗುತ್ತದೆ. ಸನ್ಯಾಸಿನಿಯಾಗಿದ್ದ ಬಾಲಯೇಸುವಿನ ಸಂತ ತೆರೇಸಮ್ಮನವರ ತಂದೆ ಲೂಯಿ ಮಾರ್ಟಿನ್ 1889ರಿಂದ ಮೂರು ವರ್ಷಕ್ಕೂ ಹೆಚ್ಚು ಕಾಲ ಫ್ರಾನ್ಸಿನ ಕಾನ್ ನಗರದ ಮಾನಸಿಕ ಆಸ್ಪತ್ರೆಯಲ್ಲಿದ್ದರು. ಹೆಣ್ಣುಮಕ್ಕಳು ಕಾನ್ವೆಂಟ್ ಸೇರಿದ್ದರಿಂದಲೇ ಹೀಗಾಯಿತು ಎಂದು ಊರು ಆಡಿಕೊಂಡಿತು. ಅವರದು ಖಿನ್ನತೆಯಲ್ಲ, ಮಿದುಳಿನ ಕಾಯಿಲೆ; ಊರ ಬಾಯಿ ಮಾತ್ರ ಎಲ್ಲ ಕಾಲಕ್ಕೂ ಒಂದೇ. 2015ರಲ್ಲಿ ಧರ್ಮಸಭೆ ಅವರನ್ನು ಸಂತರೆಂದು ಘೋಷಿಸಿತು. ಅತ್ತೆಯವರಿಗೆ ಈಗಲೇ ಬೇಡ, ಪತಿಗಾದರೂ ಹೇಳಿ.

ಪ್ರಾರ್ಥನೆ ನಾಲಿಗೆಗೆ ಬರುತ್ತಿಲ್ಲ ಎಂದಿದ್ದೀರಿ. ಬೈಬಲಿನ ಅರಸುಗಳ ಮೊದಲನೆಯ ಗ್ರಂಥದಲ್ಲಿ ಪ್ರವಾದಿ ಎಲೀಯ, ಸಾಕು ದೇವರೇ, ನನ್ನ ಪ್ರಾಣ ತೆಗೆದುಕೋ ಎಂದು ಗಿಡದ ಕೆಳಗೆ ಮಲಗಿಬಿಡುತ್ತಾನೆ. ಬಂದ ದೇವದೂತ ಉಪದೇಶ ಮಾಡುವುದಿಲ್ಲ. ಏಳು, ತಿನ್ನು ಎನ್ನುತ್ತಾನೆ. ತಲೆಯ ಬಳಿ ಆಗಷ್ಟೇ ಸುಟ್ಟ ರೊಟ್ಟಿ, ತಂಬಿಗೆಯಲ್ಲಿ ನೀರು. ಎಲೀಯ ತಿಂದು, ಕುಡಿದು, ಮತ್ತೆ ಮಲಗುತ್ತಾನೆ! ದೂತ ಅದಕ್ಕೂ ಬೈಯುವುದಿಲ್ಲ. ಎರಡನೆಯ ಸಲ ತಟ್ಟಿ ಎಬ್ಬಿಸಿ, ದಾರಿ ದೂರವಿದೆ, ಇನ್ನಷ್ಟು ತಿನ್ನು ಎನ್ನುತ್ತಾನೆ. ನಿಮಗೂ ಸದ್ಯಕ್ಕೆ ಊಟ, ನಿದ್ದೆ, ಗುಳಿಗೆ. ಜಪಸರ ಕೈಯಲ್ಲಿ ಸುಮ್ಮನೆ ಇರಲಿ.

ಕೊನೆಯ ಸಾಲಿನಲ್ಲಿ "ಬೆಳಗ್ಗೆ ಏಳದೇ ಹೋದರೆ ಚೆನ್ನ" ಎಂದು ಬರೆದು ಹೊಡೆದುಹಾಕಿದ್ದೀರಿ. ಹೊಡೆದದ್ದನ್ನೂ ಓದಿದೆ. ಮುಂದಿನ ಭೇಟಿಯವರೆಗೆ ಕಾಯದೆ ಅದನ್ನು ವೈದ್ಯರಿಗೆ ಇಂದೇ ತಿಳಿಸಿ. ನಡುರಾತ್ರಿ ಹಾಗನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತನಾಡುತ್ತಾರೆ, ಕಾಸು ಕೊಡಬೇಕಾಗಿಲ್ಲ. ಆಮೇಲೆ ನನಗೂ ಒಂದು ಸಾಲು ಬರೆಯಿರಿ.

– ಸಂಪಾದಕ