ಪ್ಲಾಸ್ಟಿಕ್ ತೊಟ್ಟೆ ಬಿಡುವ ವಿಷಯ: ಮೀನಿನ ಡಬ್ಬದಿಂದ ಅಡಿಕೆ ಹಾಳೆ ತಟ್ಟೆಯವರೆಗೆ

ನಮ್ಮ ಕರಾವಳಿಯ ಕಾಪುವಿನ ಅಕ್ಕ ಒಬ್ಬರು ಇಲ್ಲಿ ಕೇಳಿದ್ದು ನಾಲ್ಕು ವಿಷಯ. ಮೀನು ತರುವ ತೊಟ್ಟೆಗೆ (ಪ್ಲಾಸ್ಟಿಕ್ ಚೀಲಕ್ಕೆ) ಬದಲು ಏನು, ಬಟ್ಟೆ ಚೀಲ ಮಳೆಗಾಲದಲ್ಲಿ ಯಾಕೆ ನಾರುತ್ತದೆ, ತರಕಾರಿ ಸಸಿಗೆ ಕಪ್ಪು ತೊಟ್ಟೆ ಅಲ್ಲದೆ ಬೇರೆ ಏನಾದರೂ ಉಂಟಾ, ಮತ್ತೆ ಡಿಸೆಂಬರ್‌ನ ಮನೆ ಒಕ್ಕಲಿಗೆ (ಗೃಹಪ್ರವೇಶಕ್ಕೆ) 150 ಜನರಿಗೆ ತಟ್ಟೆ-ಲೋಟ ಹೇಗೆ. "ಬಟ್ಟೆ ಚೀಲ ಹಿಡ್ಕೊಂಡು ಹೋಗಿ, ಮುಗೀತು" ಅಂತ ಇಬ್ಬರು ಮೂವರು ಉತ್ತರ ಹಾಕಿದ್ದಾರೆ. ಅಷ್ಟಕ್ಕೇ ಮುಗಿಯುವುದಿಲ್ಲ ಮಾರಾಯ್ರೆ. ತೊಟ್ಟೆ ಬಿಟ್ಟವರು ಜುಲೈಯಲ್ಲಿ ವಾಪಸು ತೊಟ್ಟೆಗೆ ಬರುವುದು ಸೋಮಾರಿತನದಿಂದಲ್ಲ, ನಮ್ಮ ಊರಿನ ಪಸೆಯಿಂದ. ಒದ್ದೆ ಸಾಮಾನಿಗೆ ಸ್ಟೀಲು, ಒಣ ಸಾಮಾನಿಗೆ ಬಟ್ಟೆ, ಬಿಸಿಲಿಲ್ಲದ ನಾಲ್ಕು ತಿಂಗಳಿಗೆ ಬೇರೆಯೇ ಬಟ್ಟೆ, ಹೀಗೆ ಭಾಗ ಮಾಡಿಕೊಂಡರೆ ಮಾತ್ರ ವರ್ಷಪೂರ್ತಿ ನಡೀತದೆ.

ಮೊದಲು ಮೀನು. ಹೆಚ್ಚಿನವರು ಎಡವುವುದು ಡಬ್ಬದ ಅಳತೆಯಲ್ಲಿ. ಮನೆಯಲ್ಲಿರುವ ಉರುಟು ಡಬ್ಬ ತಗೊಂಡು ಹೋಗ್ತಾರೆ, ಬಂಗುಡೆ ಅದರಲ್ಲಿ ಮಡಚಿ ಕೂತುಕೊಳ್ತದೆ, ಹೊಟ್ಟೆ ಒಡೆದು ಒಳಗೆಲ್ಲ ರಕ್ತ. ಇಡೀ ಬಂಗುಡೆ ತರುವುದಾದರೆ ಉದ್ದ 25 ಸೆಂಟಿಮೀಟರ್‌ಗೆ ಕಡಿಮೆ ಇಲ್ಲದ ಚೌಕದ ಡಬ್ಬ ಬೇಕು. ಬೂತಾಯಿಗೆ, ಸಿಗಡಿಗೆ ಉರುಟು ಡಬ್ಬ ಸಾಕು. ಕತ್ತರಿಸಿಯೇ ತರುವುದಾದರೆ ಒಂದು ಕಿಲೋಗೆ 2 ಲೀಟರ್ ಡಬ್ಬ, ಇಡೀ ಮೀನಿಗೆ 3 ಲೀಟರ್. ಮುಚ್ಚಳ ನಾಲ್ಕು ಬದಿಗೂ ಕ್ಲಿಪ್ ಇರುವಂಥದ್ದು, ಒಳಗೆ ರಬ್ಬರ್ ಬಳೆ ಇರಬೇಕು. ಸುಮ್ಮನೆ ಒತ್ತುವ ಮುಚ್ಚಳವಾದರೆ ಸ್ಕೂಟರ್ ಹಂಪ್ ಹಾರಿದ ಕೂಡಲೇ ಮೀನಿನ ನೀರು ಕಾಲಿಗೆ.

ಡಬ್ಬ ಖರೀದಿ ಮಾಡುವಾಗ ಅಂಗಡಿಯವರು ಅಯಸ್ಕಾಂತ ಹಿಡಿದು "ನೋಡಿ, ಅಂಟುವುದಿಲ್ಲ, ಒಳ್ಳೆ ಸ್ಟೀಲು" ಅಂತ ತೋರಿಸ್ತಾರೆ. ಆ ಪರೀಕ್ಷೆ ನಂಬಬೇಡಿ. 202 ದರ್ಜೆಯ ಅಗ್ಗದ ಸ್ಟೀಲಿಗೂ ಅಯಸ್ಕಾಂತ ಅಂಟುವುದಿಲ್ಲ, ಆದರೆ ಉಪ್ಪು ತಾಗಿದರೆ ಅಂಚಿನ ಮಡಿಕೆಯಲ್ಲಿ ತುಕ್ಕು ಬರ್ತದೆ. ತಳದಲ್ಲಿ 304 ಅಥವಾ 18/8 ಅಂತ ಒತ್ತಿರುವುದನ್ನೇ ಕೇಳಿ. 18 ಅಂದರೆ ಕ್ರೋಮಿಯಂ ಶೇಕಡಾ, 8 ಅಂದರೆ ನಿಕ್ಕಲ್.

ತೊಳೆಯುವ ಕ್ರಮ ಮುಖ್ಯ. ಮೊದಲು ತಣ್ಣೀರು. ಬಿಸಿನೀರು ಮೊದಲೇ ಹಾಕಿದರೆ ಮೀನಿನ ರಸ ಮೊಟ್ಟೆಯ ಬಿಳಿಯ ಹಾಗೆ ಗಟ್ಟಿಯಾಗಿ ಪಾತ್ರೆಗೆ ಹಿಡೀತದೆ, ಆಮೇಲೆ ಎಷ್ಟು ಉಜ್ಜಿದರೂ ವಾಸನೆ. ತಣ್ಣೀರಿನಲ್ಲಿ ಗಲಬರಿಸಿ, ಸಾಬೂನು ಹಾಕಿ, ಕೊನೆಗೆ ಹುಳಿ: ಬಿಂಬುಳಿ ಕಾಯಿ ಜಜ್ಜಿ ಉಜ್ಜಿ, ಇಲ್ಲವಾದರೆ ಸಾರು ಮಾಡಿ ಬಿಸಾಡುವ ಪುನರ್ಪುಳಿ (ಕೋಕಂ) ಸಿಪ್ಪೆ ಸಾಕು. ಮೀನಿನ ವಾಸನೆ ಕ್ಷಾರದ ಜಾತಿಯದ್ದು, ಹುಳಿಗೆ ಸೋಲ್ತದೆ. ಹತ್ತು ನಿಮಿಷ ಬಿಟ್ಟು ತೊಳೆಯಿರಿ. ರಾತ್ರಿಯಿಡೀ ಹುಳಿ-ಉಪ್ಪು ಹಾಕಿ ಇಡಬೇಡಿ, 304 ಸ್ಟೀಲಿಗೂ ಸೂಜಿ ಚುಚ್ಚಿದ ಹಾಗೆ ಕಲೆ ಬೀಳ್ತದೆ. ರಬ್ಬರ್ ಬಳೆಯನ್ನು ವಾರಕ್ಕೊಮ್ಮೆ ತೆಗೆದು ಪ್ರತ್ಯೇಕ ತೊಳೆಯಿರಿ. ಡಬ್ಬ ನಾರ್ತದೆ ಅಂತ ದೂರುವವರಲ್ಲಿ ಹೆಚ್ಚಿನವರು ಅದನ್ನು ಒಮ್ಮೆಯೂ ತೆಗೆದಿರುವುದಿಲ್ಲ.

ತೂಕದ ಗಲಾಟೆ ನಮ್ಮಲ್ಲಿ ಕಡಿಮೆ. ಬುಟ್ಟಿಯ ಮೀನು ಲೆಕ್ಕದಲ್ಲಿ, ರಾಶಿಯಲ್ಲಿ ಕೊಡುವುದಲ್ಲವಾ. ಅಂಜಲ್, ಪಾಂಪ್ಲೆಟ್, ಕೋಳಿ ತೂಕಕ್ಕೆ ತಗೊಳ್ಳುವಾಗ ಖಾಲಿ ಡಬ್ಬ ತಕ್ಕಡಿ ಮೇಲೆ ಇಟ್ಟು ಸೊನ್ನೆ ಮಾಡಿಸಿ. 600 ಗ್ರಾಂ ತೂಗುವ ಡಬ್ಬಕ್ಕೆ ಅಂಜಲಿನ ದರ ಕೊಡುವುದು ಯಾರಿಗೂ ಬೇಡ. ದಿಢೀರ್ ಮೀನು ಕಂಡಾಗ ಡಬ್ಬ ಇಲ್ಲ ಅಂತಾದರೆ ಉಪ್ಪಳಿಗೆ ಎಲೆ ಅಥವಾ ತೇಗದ ಎಲೆ ಎರಡು ಪದರ ಸುತ್ತಿ ಬಾಳೆ ನಾರಿನಲ್ಲಿ ಕಟ್ಟಿಸಿ. ಅರ್ಧ ಗಂಟೆಯ ದಾರಿಗೆ ಸಾಕಾಗ್ತದೆ.

ಇನ್ನು ಚೀಲ. ಒಂದು ಎಚ್ಚರಿಕೆ ಮೊದಲೇ: ಅಂಗಡಿಗಳಲ್ಲಿ "ಬಟ್ಟೆ ಚೀಲ" ಅಂತ ಕೊಡುವ ಬಣ್ಣಬಣ್ಣದ, ಚುಕ್ಕಿ ಒತ್ತಿದ ಹಾಗೆ ಕಾಣುವ ಚೀಲ ಬಟ್ಟೆ ಅಲ್ಲ, ಪಾಲಿಪ್ರೊಪಿಲೀನ್. ಅಂಚಿನಿಂದ ಒಂದು ಎಳೆ ಕತ್ತರಿಸಿ ಇಕ್ಕಳದಲ್ಲಿ ಹಿಡಿದು ಬೆಂಕಿ ತೋರಿಸಿ. ಹತ್ತಿಯಾದರೆ ಕಾಗದದ ಹಾಗೆ ಉರಿದು ಬೂದಿಯಾಗ್ತದೆ, ಇದು ಕರಗಿ ಮಣಿಯಾಗ್ತದೆ. ಬಿಸಿಲಿನಲ್ಲಿ ಇಟ್ಟರೆ ಸ್ವಲ್ಪ ಸಮಯದಲ್ಲೇ ಹುಡಿಯಾಗಿ ಉದುರ್ತದೆ. ಕೇಂದ್ರದ ನಿಯಮ ಪ್ರಕಾರ ಪ್ಲಾಸ್ಟಿಕ್ ಕೈಚೀಲದ ದಪ್ಪ 120 ಮೈಕ್ರಾನ್‌ಗೆ ಕಡಿಮೆ ಇರಬಾರದು (2022ರ ಡಿಸೆಂಬರ್ 31ರಿಂದ), ಈ ನೇಯದ ಚೀಲಕ್ಕೂ ಚದರ ಮೀಟರಿಗೆ ಕಡಿಮೆಯೆಂದರೆ 60 ಗ್ರಾಂ ತೂಕ ಬೇಕು. ಸಂತೆಯಲ್ಲಿ ಕೊಡುವ ಚೀಲವನ್ನು ಬೆಳಕಿಗೆ ಹಿಡಿದು ನೋಡಿದರೆ ಗೊತ್ತಾಗ್ತದೆ ನಿಯಮ ಎಲ್ಲಿಗೆ ಮುಟ್ಟಿದೆ ಅಂತ.

ಬೇಸಿಗೆಗೆ ಹಳೆ ಪಂಚೆಯ ಚೀಲವೇ ಉತ್ತಮ. 10 ಇಂಚು ಅಗಲ, 12 ಇಂಚು ಎತ್ತರದ ತೆಳು ಚೀಲ ಐದಾರು ಹೊಲಿದು, ಬಾಯಿಗೆ ದಾರ ಹಾಕಿ, ಎಲ್ಲವನ್ನೂ ಒಂದು ದಪ್ಪ ಚೀಲದೊಳಗೆ ಇಟ್ಟುಕೊಳ್ಳಿ. ಬಸಳೆ, ಹರಿವೆಯನ್ನು ಇದೇ ಚೀಲದಲ್ಲಿ ಸ್ವಲ್ಪ ನೀರು ಚಿಮುಕಿಸಿ ಫ್ರಿಜ್ಜಿನಲ್ಲಿಟ್ಟರೆ ತೊಟ್ಟೆಯಲ್ಲಿ ಕೊಳೆಯುವ ಹಾಗೆ ಕೊಳೆಯುವುದಿಲ್ಲ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಪ್ಪ ಹತ್ತಿ ಚೀಲ ಒಣಗಲಿಕ್ಕೆ ಎರಡು ಮೂರು ದಿನ ಬೇಕು, ಅಷ್ಟರಲ್ಲಿ ಬೂಷ್ಟು ಹಿಡೀತದೆ. ಕಪ್ಪು ಚುಕ್ಕಿ ಬಂದ ಮೇಲೆ ಒಗೆದರೂ ಹೋಗುವುದಿಲ್ಲ. ಅಕ್ಕ ಹೇಳಿದ ವಾಸನೆ ಅದೇ.

ಆ ನಾಲ್ಕು ತಿಂಗಳಿಗೆ ಹಳೆ ಕೊಡೆಬಟ್ಟೆ. ಕಡ್ಡಿ ಮುರಿದ ಕೊಡೆ ಪ್ರತಿ ಮನೆಯ ಅಟ್ಟದಲ್ಲೂ ಎರಡು ಉಂಟು. ಬಟ್ಟೆಯನ್ನು ಕಡ್ಡಿಯಿಂದ ಬಿಡಿಸಿ, ಹೊಲಿಗೆ ಬಿಚ್ಚಿದರೆ ಎಂಟು ತ್ರಿಕೋನ ಸಿಗ್ತದೆ. ನಾಲ್ಕನ್ನು ಒಂದರ ತಲೆ ಮೇಲೆ, ಮತ್ತೊಂದರ ತಲೆ ಕೆಳಗೆ ಇಟ್ಟು ಸಾಲಾಗಿ ಹೊಲಿಯಿರಿ. ಎರಡು ತುದಿ ಓರೆಯಾಗಿ ಉಳೀತದೆ. ಒಂದು ತುದಿಯ ತ್ರಿಕೋನವನ್ನು ನಡುವೆ ನೆಟ್ಟಗೆ ಕತ್ತರಿಸಿ ಆ ತುಂಡನ್ನು ಇನ್ನೊಂದು ತುದಿಗೆ ಜೋಡಿಸಿದರೆ ಆಯತ. ಮಡಚಿ ತಳ, ಬದಿ ಹೊಲಿದರೆ ಸುಮಾರು 18-20 ಇಂಚಿನ ಚೀಲ. ದೊಡ್ಡ ಕೊಡೆಯಿಂದ ಎರಡಾಗ್ತದೆ, ಮಡಚುವ ಕೊಡೆಯಿಂದ ಒಂದೇ. ಸೂಜಿ 11 ನಂಬರ್, ದಾರ ಪಾಲಿಯೆಸ್ಟರ್. ಹತ್ತಿ ದಾರ ನೆನೆದು ನೆನೆದು ಕೊಳೀತದೆ, ಬಟ್ಟೆ ಗಟ್ಟಿ ಇದ್ದರೂ ಹೊಲಿಗೆ ಬಿಡ್ತದೆ. ಹಿಡಿಗೆ ಹಳೆ ಶಾಲೆಬ್ಯಾಗಿನ ಪಟ್ಟಿ, ಹೊಲಿಗೆ ಚೌಕ ಹಾಕಿ ಅದರೊಳಗೆ ಗುಣಾಕಾರದ ಗುರುತಿನ ಹಾಗೆ ಅಡ್ಡ ಹೊಲಿಗೆ. ಬೆಳ್ಳಿ ಬಣ್ಣದ ಲೇಪ ಉದುರುವ ಕೊಡೆ ಬೇಡ. ಕೊಡೆಬಟ್ಟೆಯೂ ಪ್ಲಾಸ್ಟಿಕ್ ನೂಲೇ ಅಂತ ಯಾರಾದರೂ ಹೇಳ್ತಾರೆ, ಹೌದು. ಆದರೆ ಅದು ಹೇಗೂ ಕಸಕ್ಕೆ ಹೋಗುವುದಿತ್ತು. ಕೊಡವಿ ಜಗಲಿಯಲ್ಲಿ ನೇತು ಹಾಕಿದರೆ ಅರ್ಧ ಗಂಟೆಯಲ್ಲಿ ಒಣಗ್ತದೆ.

ಸಸಿಗೆ ಬನ್ನಿ. ಅಡಿಕೆ ತೋಟ ಹತ್ತಿರ ಇದ್ದವರಿಗೆ ಹಾಳೆಗಿಂತ (ಅಡಿಕೆ ಸೋಗೆಯ ಬುಡದಲ್ಲಿ ಮರಕ್ಕೆ ಸುತ್ತಿಕೊಂಡಿರುವ ಭಾಗ) ಸುಲಭದ್ದು ಇಲ್ಲ. ಹೊಸದಾಗಿ ಬಿದ್ದ ಹಾಳೆಯನ್ನು ರಾತ್ರಿ ನೆನೆಸಿ. ಹಾಳೆಯ ಉದ್ದದಲ್ಲಿ 5 ಇಂಚಿಗೊಂದರಂತೆ ಅಡ್ಡ ಕತ್ತರಿಸಿ. ಒಂದು ಹಾಳೆಯಲ್ಲಿ ಒಳ್ಳೆಯ ತುಂಡು ನಾಲ್ಕು ಸಿಗಬಹುದು. ಪ್ರತಿ ತುಂಡಿನ ಅಗಲ 12 ಇಂಚು ಇಟ್ಟು, 3 ಇಂಚು ವ್ಯಾಸದ ಬಾಟಲಿಗೆ ಸುತ್ತಿ. ಎರಡೂವರೆ ಇಂಚು ಒಂದರ ಮೇಲೊಂದು ಬರ್ತದೆ. ಹಾಳೆ ಮರಕ್ಕೆ ಸುತ್ತಿಕೊಂಡಿದ್ದ ದಿಕ್ಕಿನಲ್ಲೇ ಸುತ್ತಬೇಕು, ಅಂದರೆ ನಾರು ಕೆಳಗಿನಿಂದ ಮೇಲಕ್ಕೆ ನಿಲ್ಲಬೇಕು. ಉಲ್ಟಾ ಸುತ್ತಿದರೆ ಟಪ್ಪಂತ ಮುರೀತದೆ. ಬಿಡದ ಹಾಗೆ ಹಿಡಿಸೂಡಿ (ಪೊರಕೆ) ಕಡ್ಡಿ ಚುಚ್ಚುವುದು ಅಡ್ಡಕ್ಕೆ, ನಾರನ್ನು ದಾಟುವ ಹಾಗೆ, ಮೇಲೊಂದು ಕೆಳಗೊಂದು. ನೆಟ್ಟಗೆ ಚುಚ್ಚಿದರೆ ಕಡ್ಡಿ ನಾರಿನ ನಡುವೆ ಹೋಗಿ ಹಾಳೆಯನ್ನೇ ಸೀಳ್ತದೆ. ತಳ ಬೇಡ. ತಟ್ಟೆಯಲ್ಲಿ ಒತ್ತೊತ್ತಾಗಿ ಜೋಡಿಸಿ, ಕೆಳಗೆ ಎರಡು ಪದರ ಪೇಪರ್ ಹಾಕಿ ತುಂಬಿಸಿ.

ತುಂಬಲಿಕ್ಕೆ ಸುಡುಮಣ್ಣು, ಹಟ್ಟಿಗೊಬ್ಬರ, ಹೊಯಿಗೆ (ಮರಳು) ಸಮಪಾಲು. ತೆಂಗಿನ ನಾರಿನ ಹುಡಿ ಸೇರಿಸುವವರು ಅದನ್ನು ಮೂರು ಸಲ ನೀರು ಬದಲಿಸಿ ತೊಳೆದೇ ಹಾಕಿ. ಹಿನ್ನೀರಿನಲ್ಲಿ ಕೊಳೆಹಾಕಿದ ಸಿಪ್ಪೆಯದ್ದಾದರೆ ಉಪ್ಪು ಉಂಟು, ಸಸಿಯ ಎಲೆಯಂಚು ಸುಡ್ತದೆ.

ಸೌತೆ, ಹೀರೆ, ಪಡುವಲಕ್ಕೆ ಎರಡು ಮೂರು ಎಲೆ ಬರುವಾಗಲೇ, 12-15 ದಿನದಲ್ಲಿ ನೆಡಬೇಕು, ಅವಕ್ಕೆ ಬೇರು ಅಲುಗಾಡಿದರೆ ಆಗುವುದಿಲ್ಲ. ಗುಳ್ಳ (ಬದನೆ), ಮೆಣಸು ತಿಂಗಳಿನವರೆಗೆ ಇರಬಹುದು, ಅಷ್ಟು ದಿನ ಹಾಳೆ ಬಾಳ್ತದೆ. ನೆಡುವಾಗ ಕಡ್ಡಿ ಎಳೆದು ಹಾಳೆ ಬಿಡಿಸಿ. ಹಾಳೆ ಸಮೇತ ಹೂಳಬಹುದು ಅಂತ ಬರೆಯುವವರು ನಮ್ಮ ಮುರಮಣ್ಣಿನ ಗೆದ್ದಲು ನೋಡಿಲ್ಲ. ತೆಂಗಿನ ಗೆರಟೆಯೂ ಆದೀತು: ಮೂರು ಕಣ್ಣಿನಲ್ಲಿ ಒಂದು ಮಾತ್ರ ಮೆತ್ತಗೆ, ಅದಕ್ಕೆ ಸ್ಕ್ರೂಡ್ರೈವರ್ ಚುಚ್ಚಿದರೆ ನೀರು ಹೋಗುವ ತೂತು. ಆದರೆ ಅರ್ಧ ಗೆರಟೆಯಲ್ಲಿ ಆಳ ಕಡಿಮೆ, ಸೊಪ್ಪಿಗೆ ಸರಿ, ಗುಳ್ಳಕ್ಕೆ ಅಲ್ಲ. ಅಡಿಕೆ, ಮಲ್ಲಿಗೆ ಗಿಡಕ್ಕೆ ಹಾಳೆ ನಿಲ್ಲುವುದಿಲ್ಲ. ಅಡಿಕೆ ಸಸಿ ವರ್ಷಕ್ಕಿಂತ ಹೆಚ್ಚು ತೊಟ್ಟೆಯಲ್ಲೇ ಇರ್ತದೆ. ಅಲ್ಲಿ ದಪ್ಪ ತೊಟ್ಟೆಯನ್ನೇ ಬ್ಲೇಡಿನಲ್ಲಿ ಸೀಳದೆ, ನೀರು ಹಾಕಿ ಸುತ್ತ ಒತ್ತಿ ಸಸಿ ಜಾರಿಸಿ ತೆಗೆದರೆ ಎರಡು ಮೂರು ಸಲ ಉಪಯೋಗಕ್ಕೆ ಬರ್ತದೆ.

ಮನೆ ಒಕ್ಕಲು. ಪಂಕ್ತಿಯಲ್ಲಿ ಕೂರಿಸಿ ಬಡಿಸುವುದಾದರೆ ತಟ್ಟೆಯ ತಲೆಬಿಸಿಯೇ ಇಲ್ಲ, ಹದಿನೈದು ಹೆಚ್ಚಿಗೆ ಹಿಡಿದು 165 ಬಾಳೆ ಎಲೆ. ಬಫೆ ಆದರೆ ಮಾತ್ರ ಹಾಳೆ ತಟ್ಟೆ, 10 ಇಂಚಿನದ್ದು. ಹಾಳೆ ತಟ್ಟೆ ಬೇಸಿಗೆಯಲ್ಲಿ ಬಿದ್ದ ಹಾಳೆಯದ್ದಾ ಅಂತ ಕೇಳಿ. ಮಳೆಗಾಲದ ಹಾಳೆಯಲ್ಲಿ ಅಡಿಕೆಯ ಕೊಳೆರೋಗಕ್ಕೆ ಹೊಡೆದ ಬೋರ್ಡೋ ದ್ರಾವಣ (ಮೈಲುತುತ್ತು-ಸುಣ್ಣದ ಮದ್ದು) ಇರಬಹುದು, ತಿಳಿ ನೀಲಿ ಕಲೆ ಕಂಡರೆ ಬೇಡವೇ ಬೇಡ. ಕಂದು ಗೆರೆ ಸಹಜ; ಬೆರಳಿನಲ್ಲಿ ಉಜ್ಜಿದಾಗ ಕಪ್ಪು ಹುಡಿ ಬಂದರೆ ಅದು ಬೂಷ್ಟು. ಮಳೆಗಾಲ ದಾಟಿದ ದಾಸ್ತಾನು ಡಿಸೆಂಬರ್‌ನಲ್ಲಿ ಸಿಗುವುದರಿಂದ ಕಟ್ಟಿನ ಮೇಲಿನದ್ದಲ್ಲ, ನಡುವಿನ ತಟ್ಟೆ ತೆಗೆಸಿ ನೋಡಿ. ಪಾಯಸಕ್ಕೆ ಹಾಳೆ ಬಟ್ಟಲು ಬೇಡ, ಎಲ್ಲಾದರೂ ಸಣ್ಣ ಸೀಳಿದ್ದರೆ ಸೀರೆಗೆ ಸೋರ್ತದೆ. ಸ್ಟೀಲ್ ಲೋಟದಲ್ಲೇ ಕೊಡಿ.

ಪೇಪರ್ ಲೋಟ ಪ್ಲಾಸ್ಟಿಕ್ ಅಲ್ಲ ಅಂದುಕೊಂಡವರು ಒಂದನ್ನು ರಾತ್ರಿ ನೀರಿನಲ್ಲಿ ಹಾಕಿಡಿ. ಬೆಳಿಗ್ಗೆ ಕಾಗದ ಮುದ್ದೆಯಾಗಿ, ಒಳಗಿನ ತೆಳು ಪಾಲಿಥಿನ್ ಪದರ ಕೈಗೆ ಬರ್ತದೆ. ಶಾಮಿಯಾನದವರಲ್ಲಿ ಸ್ಟೀಲ್ ಲೋಟ 250 ಬಾಡಿಗೆಗೆ ಹೇಳಿ, ಒಮ್ಮೆ ತೊಳೆದರೆ ಊಟಕ್ಕೂ ಪಾಯಸಕ್ಕೂ ಸಾಕು. ಮೂರು ಬಾಲ್ದಿ: ಒಂದರಲ್ಲಿ ಗಲಬರಿಸುವುದು, ಎರಡನೆಯದರಲ್ಲಿ ಸಾಬೂನು, ಮೂರನೆಯದರಲ್ಲಿ ಬಿಸಿನೀರು. ತೊಳೆಯಲಿಕ್ಕೆ ಒಬ್ಬರಿಗೆ ಮೊದಲೇ ಸಂಬಳ ಮಾತಾಡಿಡಿ, ಇಲ್ಲವಾದರೆ ಎರಡನೇ ಪಂಕ್ತಿಗೆ ಯಾರಾದರೂ ಓಡಿಹೋಗಿ ಪೇಪರ್ ಲೋಟ ತಂದೇ ತರ್ತಾರೆ. ಕುಡಿಯುವ ನೀರು ಒಬ್ಬರಿಗೆ ಮುಕ್ಕಾಲು ಲೀಟರ್ ಲೆಕ್ಕ ಹಿಡಿದರೂ 113 ಲೀಟರ್ ಆಯಿತು. 20 ಲೀಟರಿನ ಎಂಟು ಕ್ಯಾನ್ ಇಟ್ಟರೆ ಚಿಕ್ಕ ಬಾಟಲಿ ಬೇಡ.

ಮಲ್ಲಿಗೆ ಮಾತ್ರ ಹಾಗೇ ತನ್ನಿ. ಶಂಕರಪುರದ ಹೂ ಬಾಳೆ ನಾರಿನಲ್ಲಿ ಕಟ್ಟಿ ಬಾಳೆ ಎಲೆಯಲ್ಲಿ ಸುತ್ತಿಯೇ ಬರುವುದು, ಅಂಗಡಿಯಲ್ಲಿ ಮೇಲಿಂದ ಒಂದು ತೊಟ್ಟೆ ಹಾಕ್ತಾರೆ. ತೊಟ್ಟೆಯೊಳಗೆ ಬೆವರಿ ಮೊಗ್ಗು ಕಂದಾಗ್ತದೆ, ಬೇಡ ಅಂತ ಹೇಳಿ.

ಬಳಸಿದ ಹಾಳೆ ತಟ್ಟೆಯನ್ನು ಇಡಿಯಾಗಿ ಗೊಬ್ಬರದ ಗುಂಡಿಗೆ ಹಾಕಬೇಡಿ, ಒಂದರ ಮೇಲೊಂದು ಅಂಟಿ ತಿಂಗಳುಗಟ್ಟಲೆ ಹಾಗೇ ಇರ್ತದೆ. ನಾಲ್ಕು ತುಂಡು ಮಾಡಿ, ಎರಡು ಪದರಕ್ಕೊಮ್ಮೆ ಸಗಣಿ ನೀರು ಹಾಕಿ. ಬಫೆಯೋ ಪಂಕ್ತಿಯೋ ಅಂತ ತೀರ್ಮಾನ ಆದ ಮೇಲೆ ಅಕ್ಕ ಇಲ್ಲೇ ಹಾಕಿ, ಎಲೆ ಮತ್ತೆ ಲೋಟದ ಲೆಕ್ಕ ಅದಕ್ಕೆ ತಕ್ಕ ಹಾಗೆ ಬದಲಾಗ್ತದೆ.